ಧನುರ್ಮಾಸ, ಕ್ರಿಸ್‌ಮಸ್, ನ್ಯೂ ಇಯರ್, ಸಂಕ್ರಾಂತಿ: ಎಲ್ಲಾ ಒಂದೇ ತಿಂಗಳಲ್ಲಿ ಬರೋದು ಯಾಕೆ?

ಕೆ.ಆರ್.ಪುರ: ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಇಲ್ಲಿನ ಅಂಗಡಿಗಳ ಮುಂದಿನ ಸರಕು ಮೂರು ಸಲ ಬದಲಾಗುತ್ತದೆ. ಮೊದಲು ನಕ್ಷತ್ರದ ದೀಪ, ಪ್ಲಮ್ ಕೇಕ್. ಆಮೇಲೆ ಕ್ಯಾಲೆಂಡರ್, ಡೈರಿ. ಕೊನೆಗೆ ಕಬ್ಬು, ಸಕ್ಕರೆ ಅಚ್ಚು, ಎಳ್ಳು-ಬೆಲ್ಲ. ಜೊತೆಗೆ ಪ್ರತಿ ವರ್ಷ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಜಗಳವೂ ಗ್ಯಾರಂಟಿ: ಇದರಲ್ಲಿ ಯಾವುದು ನಮ್ಮ ಹಬ್ಬ, ಯಾವುದು ಅಲ್ಲ?

ಲೆಕ್ಕ ಹಾಕಿ ನೋಡಿದರೆ ಈ ಹಬ್ಬಗಳು ಸುತ್ತುವುದು ಒಬ್ಬನೇ ಸೂರ್ಯನ ಸುತ್ತ.

ಅತಿ ಸಣ್ಣ ಹಗಲು

ಡಿಸೆಂಬರ್ 21 ಅಥವಾ 22ರಂದು ಹಗಲು ವರ್ಷದಲ್ಲೇ ಚಿಕ್ಕದು. ಬೆಂಗಳೂರಿನಲ್ಲಿ ಆ ದಿನ ಬೆಳಕಿರೋದು ಸುಮಾರು 11 ಗಂಟೆ 20 ನಿಮಿಷ. ಅಲ್ಲಿಂದ ಮುಂದೆ ಹಗಲು ಬೆಳೆಯುತ್ತಾ ಹೋಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇದು ಬದುಕಿನ ಪ್ರಶ್ನೆಯೇ ಆಗಿತ್ತು. ಹಾಗಾಗಿ ಕ್ರೈಸ್ತ ಧರ್ಮ ಬರುವ ಮೊದಲೇ ಉತ್ತರ ಯುರೋಪಿನವರು ‘ಯೂಲ್’ ಆಚರಿಸುತ್ತಿದ್ದರು. ರೋಮ್‌ನಲ್ಲಿ ಡಿಸೆಂಬರ್ 17ರಿಂದ ‘ಸ್ಯಾಟರ್ನೇಲಿಯಾ’ ನಡೆಯುತ್ತಿತ್ತು. ಊಟ, ಉಡುಗೊರೆ, ರಜೆ ಎಲ್ಲಾ ಅದರಲ್ಲಿತ್ತು.

ಹಳೆಯ ರೋಮನ್ ಕ್ಯಾಲೆಂಡರ್ ಪ್ರಕಾರ ಅತಿ ಸಣ್ಣ ಹಗಲು ಡಿಸೆಂಬರ್ 25. ಕ್ರಿ.ಶ. 274ರಲ್ಲಿ ಚಕ್ರವರ್ತಿ ಔರೇಲಿಯನ್ ರೋಮ್‌ನಲ್ಲಿ ‘ಅಜೇಯ ಸೂರ್ಯ’ನಿಗೆ ದೇವಾಲಯ ಕಟ್ಟಿಸಿದ. ಅದೇ ಊರಿನಲ್ಲಿ ಡಿಸೆಂಬರ್ 25ರಂದು ಕ್ರಿಸ್ತ ಜಯಂತಿ ಆಚರಿಸಿದ ದಾಖಲೆ ಸಿಗುವುದು 336ರಿಂದ. ಬೈಬಲ್‌ನಲ್ಲಿ ಹುಟ್ಟಿದ ತಾರೀಖು ಇಲ್ಲ. ಸೂರ್ಯನ ಹಬ್ಬವೇ ಕ್ರಿಸ್‌ಮಸ್ ಆಯಿತು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಮಾರ್ಚ್ 25ಕ್ಕೆ ಗರ್ಭಧಾರಣೆ ಎಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದ್ದು ಅಂತ ಇನ್ನು ಕೆಲವರು.

ಸಂಕ್ರಾಂತಿ ತಡವಾಗಿದ್ದು ಹೇಗೆ?

ಉತ್ತರಾಯಣ ಎಂದರೂ ಇದೇ, ಸೂರ್ಯ ಉತ್ತರಕ್ಕೆ ತಿರುಗುವುದು. ಹಾಗಾದರೆ ಸಂಕ್ರಾಂತಿ ಜನವರಿ 14–15ಕ್ಕೆ ಯಾಕೆ? ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಜೊತೆಗಿಟ್ಟು ಅಳೆಯುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಂದರೆ ರೋಮ್‌ನಲ್ಲಿ ಸೂರ್ಯನ ಗುಡಿ ಎದ್ದ ಕಾಲಕ್ಕೆ!

ತಾಲ್ಲೂಕಿನ ಪಾಲು

ಕ್ರಿಸ್‌ಮಸ್ ಈ ಕಡೆಗೆ ಮೊನ್ನೆ ಬಂದ ಹಬ್ಬವಲ್ಲ. ಇದೇ ಪೂರ್ವ ತಾಲ್ಲೂಕಿನ ವೈಟ್‌ಫೀಲ್ಡ್, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಶುರುವಾದ ಊರು. ರಮ್‌ನಲ್ಲಿ ನೆನೆಸಿದ ಒಣಹಣ್ಣಿನ ಕೇಕ್ ಅವರ ಮನೆಯ ಅಡುಗೆ. ಅವರ ರೋಸ್ ಕುಕೀಸ್ ಮತ್ತು ಮಲಯಾಳಿಗಳ ಅಚ್ಚಪ್ಪಂ, ಎರಡನ್ನೂ ಕಾದ ಎಣ್ಣೆಯಲ್ಲಿ ಹೂವಿನಾಕಾರದ ಅಚ್ಚು ಅದ್ದಿಯೇ ಮಾಡೋದು.

ಇನ್ನೊಂದು ಕಡೆ ಧನುರ್ಮಾಸ. ಬೆಳಗಿನ ಜಾವದ ಪೂಜೆ, ಹುಗ್ಗಿ ಪ್ರಸಾದ, ವೈಕುಂಠ ಏಕಾದಶಿಯ ಕ್ಯೂ. ಈ ತಿಂಗಳಲ್ಲಿ ಮದುವೆ ಇಟ್ಟುಕೊಳ್ಳುವವರು ಕಡಿಮೆ. ಆದ್ದರಿಂದ ಕಲ್ಯಾಣ ಮಂಟಪ, ಶಾಮಿಯಾನ, ಅಡುಗೆ ಕಂಟ್ರಾಕ್ಟ್‌ನವರಿಗೆ ಇದು ಡಲ್ ಸೀಸನ್. ಬೇಕರಿಯವರಿಗೆ ಭರ್ತಿ ಸೀಸನ್. ಸಂಕ್ರಾಂತಿಗೆ ದನಗಳಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುವ ಪದ್ಧತಿಗೆ ಹೊಲ, ಕಣಗಳೇ ಕರಗಿದ ಮೇಲೆ ಜಾಗ ಇಲ್ಲವಾಗಿದೆ. ಎಳ್ಳು ಬೀರುವುದು ಮಾತ್ರ ಅಪಾರ್ಟ್‌ಮೆಂಟ್ ಲಿಫ್ಟ್ ಹತ್ತಿದೆ.

ದೇವರ ಹಂಗಿಲ್ಲದ ದಿನಗಳೂ ಇವೆ. ಜನವರಿ 1 ಬರೀ ಕ್ಯಾಲೆಂಡರಿನ ಹಬ್ಬ. ಆದರೂ ರಾತ್ರಿ ಕೇಕ್ ಕತ್ತರಿಸಿದವರೇ ಬೆಳಿಗ್ಗೆ ದೇವಸ್ಥಾನದ ಕ್ಯೂನಲ್ಲಿರುತ್ತಾರೆ. ಕುವೆಂಪು ಹುಟ್ಟಿದ ಡಿಸೆಂಬರ್ 29 ರಾಜ್ಯದಲ್ಲಿ ವಿಶ್ವಮಾನವ ದಿನ.

ಮೈಕ್‌ಗೆ ಒಂದೇ ಕಾನೂನು

ಜಗಳ ನಿಜವಾಗಿ ಶುರುವಾಗೋದು ಹಬ್ಬದಿಂದಲ್ಲ, ಮೈಕ್‌ನಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ನಸುಕಿನ ಸುಪ್ರಭಾತಕ್ಕೂ, ನಡುರಾತ್ರಿಯ ಪ್ರಾರ್ಥನೆಗೂ, ನ್ಯೂ ಇಯರ್ ಡಿಜೆಗೂ ಇದೇ ನಿಯಮ.

ವ್ಯಾಪಾರಿಗಳಿಗೆ ಇನ್ನೊಂದು ಲೆಕ್ಕ: ಚಂದ್ರನನ್ನು ನೋಡಿ ಎಣಿಸುವ ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು. ಹೀಗಾಗಿ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. 2030ರ ಜನವರಿಯಲ್ಲಿ ಖರ್ಜೂರ ಮತ್ತು ಎಳ್ಳು-ಬೆಲ್ಲ ಒಂದೇ ಕೌಂಟರ್ ಮೇಲೆ ಇರಬೇಕಾಗುತ್ತದೆ. ಗೋಡೌನ್‌ನಲ್ಲಿ ಈಗಲೇ ಜಾಗ ನೋಡಿಕೊಳ್ಳಿ.