ಪಡಸಾಲೆಯಲ್ಲಿ ಕಂಡ ವಿಶ್ವಕಪ್

ವಿಶ್ವಕಪ್ ಕ್ರಿಕೆಟ್ ಸಮೀಪಿಸಿದಾಗಲೆಲ್ಲ ದೂರದರ್ಶನ ವಾಹಿನಿಗಳು ಹಳೆಯ ದೃಶ್ಯವೊಂದನ್ನು ತಪ್ಪದೆ ತೋರಿಸುತ್ತವೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಆಮಿರ್ ಸೊಹೈಲ್ ವೆಂಕಟೇಶ್ ಪ್ರಸಾದರ ಎಸೆತವನ್ನು ಬೌಂಡರಿಗೆ ಅಟ್ಟುತ್ತಾರೆ. ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟನ್ನು ಆ ದಿಕ್ಕಿಗೆ ಚಾಚಿ ತೋರಿಸುತ್ತಾರೆ. ಮರು ಎಸೆತದಲ್ಲಿ ಆಫ್ ಸ್ಟಂಪ್ ಬುಡಮೇಲಾಗುತ್ತದೆ. ಸಾಧು ಸ್ವಭಾವದವರೆಂದು ಹೆಸರಾದ ಪ್ರಸಾದ್ ಅಂದು ಕೈಯೆತ್ತಿ ಅವರಿಗೆ ಪೆವಿಲಿಯನ್ನಿನ ದಾರಿ ತೋರಿಸುತ್ತಾರೆ. ಅಂದು ಹುಟ್ಟಿರದ ಮಕ್ಕಳಿಗೂ ಈ ದೃಶ್ಯ ಬಾಯಿಪಾಠವಾಗಿದೆ. ಆದರೆ ಆ ಕ್ಷಣದಲ್ಲಿ ಟಿ.ವಿ.ಯ ಈಚೆ ಕುಳಿತಿದ್ದವರು ಯಾವ ಕಡೆ ನೋಡುತ್ತಿದ್ದರು ಎಂಬುದನ್ನು ಯಾವ ಕ್ಯಾಮರಾವೂ ಹಿಡಿದಿಟ್ಟಿಲ್ಲ.

ಅದು 1996ರ ಮಾರ್ಚ್ 9, ಶನಿವಾರ; ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಕ್ವಾರ್ಟರ್ ಫೈನಲ್. ಮಂಡ್ಯಕ್ಕೆ ಸಮೀಪದ ಹೊಳಲಿನಲ್ಲಿ ಆಗ ಕಬ್ಬಿನ ಕಟಾವಿನ ಭರಾಟೆ. ಹಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಗದ್ದೆಗಳು ಬಿಕೋ ಎನ್ನುತ್ತಿದ್ದವು. ಬೀದಿಗೆ ಎರಡೋ ಮೂರೋ ಟಿ.ವಿ. ಇದ್ದ ಕಾಲ. ನಮ್ಮ ಪಡಸಾಲೆಯಲ್ಲಿದ್ದದ್ದು ಸಣ್ಣದೊಂದು ಕಪ್ಪುಬಿಳುಪಿನ ಪೆಟ್ಟಿಗೆ. ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಎಂಬ ಭಯದಿಂದ ಪಕ್ಕದ ಮನೆಯವರು ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಕಳಚಿ ತಂದು ಸಿದ್ಧವಾಗಿರಿಸಿದ್ದರು. ಹುಡುಗನೊಬ್ಬನನ್ನು ಮಾಡಿನ ಮೇಲೆ ಆಂಟೆನಾ ತಿರುಗಿಸಲು ಕೂರಿಸಿದ್ದೆವು. ಪಾಪ, ಅವನು ಆ ಪಂದ್ಯದಲ್ಲಿ ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ತಪಸ್ಸುಕಾಲದ ಎರಡನೆಯ ವಾರ ಅದು. ಆಟಕ್ಕೆ ಅಡ್ಡಿಯಾಗದಂತೆ ಜಪಸರವನ್ನು ಸಂಜೆಗೆ ಮುಂಚೆಯೇ ಮುಗಿಸಲು ಅಜ್ಜಿ ಒಪ್ಪಿದ್ದರು. ಅಂದಿನ ಶುಭಸಂದೇಶವನ್ನು ಓದದೆ ಯಾರೂ ಟಿ.ವಿ.ಯ ಮುಂದೆ ಕೂರಬಾರದು ಎಂಬುದು ಅವರ ಕರಾರು. ಧರ್ಮಸಭೆಯ ಪಂಚಾಂಗದಂತೆ ಆ ಶನಿವಾರದ ವಾಚನ ಸಂತ ಲೂಕರ ಹದಿನೈದನೆಯ ಅಧ್ಯಾಯ, ದುಂದುಗಾರ ಮಗನ ಸಾಮತಿ. ಮನೆಯೊಳಗೆ ಹಬ್ಬದ ಗದ್ದಲ, ಬಾಗಿಲಾಚೆ ಒಳಗೆ ಬರಲೊಲ್ಲದ ಹಿರಿಯ ಮಗ, ಅವನನ್ನು ಕರೆಯಲು ಎದ್ದು ಹೊರಬರುವ ತಂದೆ. ನಮ್ಮ ಮನಸ್ಸೆಲ್ಲ ಸಿಧು ಎಷ್ಟು ಹೊಡೆದರೋ ಎಂಬುದರ ಮೇಲಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಿಧು 93 ಹೊಡೆದರು. ಕೊನೆಯಲ್ಲಿ ಅಜಯ್ ಜಡೇಜಾ 25 ಎಸೆತಗಳಲ್ಲಿ 45 ರನ್ ಬಾಚಿದರು. ಕೊನೆಯ ಓವರುಗಳಲ್ಲಿ ಎದುರಾಳಿಗಳ ನಿದ್ದೆಗೆಡಿಸುತ್ತಾರೆಂದು ಹೆಸರಾದ ವಕಾರ್ ಯೂನಿಸರ ಅಂತಿಮ ಎರಡು ಓವರುಗಳಲ್ಲಿ 40 ರನ್ನುಗಳು ಬಂದವು! ಭಾರತದ ಮೊತ್ತ 8 ವಿಕೆಟ್‌ಗೆ 287. ಗಾಯಗೊಂಡಿದ್ದ ನಾಯಕ ವಸೀಂ ಅಕ್ರಂ ಆಡಿರಲಿಲ್ಲ. ನಿಧಾನಗತಿಯ ಬೌಲಿಂಗ್‌ಗಾಗಿ ಪಾಕಿಸ್ತಾನಕ್ಕೆ ಒಂದು ಓವರ್ ಕಡಿತವಾಗಿ 49 ಓವರುಗಳೇ ಉಳಿದವು. ಆದರೂ ಸಯೀದ್ ಅನ್ವರ್ ಮತ್ತು ಸೊಹೈಲ್ ಜೋಡಿ ಹತ್ತು ಓವರುಗಳಲ್ಲಿ 84 ರನ್ ಪೇರಿಸಿದಾಗ ಪಡಸಾಲೆ ಸ್ಮಶಾನದಂತಾಯಿತು.

ನಮ್ಮ ನಡುವೆ ಸೈಕಲ್ ರಿಪೇರಿಯ ಸಾಬರೊಬ್ಬರಿದ್ದರು. ಹೆಸರು ಬೇಡ. ಕ್ರಿಕೆಟ್ ಬಲ್ಲವರೆಂದರೆ ಬೀದಿಯಲ್ಲಿ ಅವರೊಬ್ಬರೇ. ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಲೇ ರೇಡಿಯೊ ವೀಕ್ಷಕ ವಿವರಣೆ ಕೇಳಿ ಇಡೀ ಸರಣಿಯ ಲೆಕ್ಕ ಒಪ್ಪಿಸುವವರು. ಆ ವರ್ಷ ಅವರ ರಂಜಾನ್ ಉಪವಾಸ ಮುಗಿಯುತ್ತಿದ್ದಂತೆ ನಮ್ಮ ತಪಸ್ಸುಕಾಲ ಆರಂಭವಾಗಿತ್ತು. ಎಲ್ಲ ಪಂದ್ಯಗಳಿಗೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಅವರು ಅಂದು ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಪಾಕಿಸ್ತಾನದ ಪ್ರತಿ ಬೌಂಡರಿಗೂ ಒಂದೆರಡು ತಲೆಗಳು ಬಾಗಿಲತ್ತ ತಿರುಗುತ್ತಿದ್ದವು. ಯಾರೋ ಒಬ್ಬರು ನಗುತ್ತಲೇ, "ಏನ್ ಸಾಬ್ರೇ, ಒಳಗೊಳಗೇ ಖುಷಿಯೋ?" ಎಂದೂ ಕೇಳಿಬಿಟ್ಟರು. ಸಾಬರೂ ನಕ್ಕರು. ಅದು ನಗಲೇಬೇಕಾದವರ ನಗೆ.

ಸೊಹೈಲರ ಸ್ಟಂಪ್ ಹಾರಿದಾಗ ಪಡಸಾಲೆಯಲ್ಲಿ ಎದ್ದ ಕೂಗಿಗೆ ಮಾಡಿನ ಮೇಲಿದ್ದ ಹುಡುಗ ಆಂಟೆನಾ ಬಿಟ್ಟು ಇಳಿದುಬಂದ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಸಾಬರು. ಮೈಸೂರಿನ ಶ್ರೀನಾಥ್, ಬೆಂಗಳೂರಿನ ಪ್ರಸಾದ್ ಮತ್ತು ಕುಂಬ್ಳೆ ಎಂದರೆ ಅವರಿಗೆ ಮೊದಲಿನಿಂದಲೂ ಪಂಚಪ್ರಾಣ. ಆದರೆ ಅಂದು ಅವರ ಸಂತೋಷಕ್ಕೆ ಸಾಕ್ಷಿ ಬೇಕಾಗಿತ್ತು. ನಮ್ಮಲ್ಲಿ ಉಳಿದವರಾರಿಗೂ ಅದು ಬೇಕಾಗಿರಲಿಲ್ಲ. ನಮ್ಮ ತಂಡದ ನಾಯಕರಾಗಿದ್ದವರು ಮೊಹಮ್ಮದ್ ಅಜರುದ್ದೀನ್ ಎಂಬುದು ಅಲ್ಲಿ ಯಾರ ನೆನಪಿಗೂ ಬಂದಂತಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ, ಆಟದ ಗಂಧವೂ ಇಲ್ಲದ ಅಜ್ಜಿ ಒಮ್ಮೆಲೇ, "ಆಟ ಪೆಟ್ಟಿಗೇಲಿ ನಡೀತಾ ಇರೋದು. ಅವರ ಮುಖದಲ್ಲೇನು ನೋಡ್ತೀರ್ರೋ?" ಎಂದರು. ನಂತರ ತಾವೇ ಎದ್ದು ಬಾಗಿಲಿಗೆ ಹೋಗಿ, "ಬಾಪ್ಪಾ, ಒಳಕ್ಕೆ ಬಂದು ಕೂತ್ಕೊ" ಎಂದು ಕರೆತಂದು ಕೂರಿಸಿದರು.

ಓದುಗರೇ, ಸಣ್ಣ ಸಮುದಾಯದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ನಿಮ್ಮ ಮೂಲ ಯಾವುದು", "ನಿಮ್ಮವರು ರೋಮಿನ ಮಾತು ಕೇಳುವವರಲ್ಲವೇ" ಎಂಬ ನಗುಮೊಗದ ಪ್ರಶ್ನೆಗಳು ಶಾಲೆಯಲ್ಲಿಯೋ ಬಸ್ಸಿನಲ್ಲಿಯೋ ನಮ್ಮ ಮಕ್ಕಳಿಗೂ ಎದುರಾಗಿವೆ. ಇದು ಆ ಕಾಲದ ಹಳ್ಳಿಯ ಕತೆಯೂ ಅಲ್ಲ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನ ಭಾರತವನ್ನು ಹತ್ತು ವಿಕೆಟ್‌ಗಳಿಂದ ಸೋಲಿಸಿದಾಗ ಹನ್ನೊಂದು ಮಂದಿ ಸೋತಿದ್ದರು. ಆದರೆ ಸಾಮಾಜಿಕ ಜಾಲತಾಣಗಳ ಬೈಗುಳ ಹರಿದದ್ದು ಮೊಹಮ್ಮದ್ ಶಮಿಯವರತ್ತ. ಧರ್ಮದ ಹೆಸರಿನಲ್ಲಿ ಒಬ್ಬರನ್ನು ಹಳಿಯುವುದು ಅತ್ಯಂತ ಹೀನ ಕೃತ್ಯವೆಂದು ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಖಂಡಿಸಿದರು. ಕೊಹ್ಲಿಯವರ ಶತಕಗಳಿಗಿಂತ ಆ ಮಾತು ನನಗೆ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಪಂದ್ಯಕ್ಕೆ. ಇಜಾಜ್ ಅಹ್ಮದ್ ಮತ್ತು ಇಂಜಮಾಮರನ್ನೂ ಪ್ರಸಾದ್ ಕಳಿಸಿದರು. ಕುಂಬ್ಳೆ ಮೂರು ವಿಕೆಟ್ ಪಡೆದರು. ಪಾಕಿಸ್ತಾನ 9 ವಿಕೆಟ್‌ಗೆ 248ರಲ್ಲಿ ನಿಂತು ಭಾರತ 39 ರನ್‌ಗಳಿಂದ ಗೆದ್ದಿತು. ಅಂದು 38 ರನ್ನಿಗೆ ರನ್ ಔಟ್ ಆದ ಜಾವೇದ್ ಮಿಯಾಂದಾದ್ 1975ರ ಮೊದಲನೆಯದರಿಂದ ಹಿಡಿದು ಆವರೆಗಿನ ಆರೂ ವಿಶ್ವಕಪ್‌ಗಳಲ್ಲಿ ಆಡಿದ್ದವರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಬ್ಯಾಟು ಹಿಡಿದು ತಲೆತಗ್ಗಿಸಿ ಹೊರನಡೆದ ಆ ಮನುಷ್ಯನಿಗಾಗಿ ನಮ್ಮ ಪಡಸಾಲೆಯಲ್ಲಿ ಒಬ್ಬರೇ ಒಬ್ಬರು "ಪಾಪ" ಎಂದರು. ಅದೂ ಅಜ್ಜಿಯೇ. ಸಾಬರು ತುಟಿ ಬಿಚ್ಚಲಿಲ್ಲ. ಅವರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಅತ್ತ ಪಾಕಿಸ್ತಾನದಲ್ಲಿ ಅಭಿಮಾನಿಗಳು ಅಕ್ರಂರ ಪ್ರತಿಕೃತಿಯನ್ನು ಸುಟ್ಟರು.

ಅವರನ್ನು ಆಡಿಕೊಳ್ಳಲು ನಮಗೆ ದೊರೆತದ್ದು ನಾಲ್ಕೇ ದಿನ. ಮಾರ್ಚ್ 13ರ ಬುಧವಾರ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾದ ವಿರುದ್ಧ ಸೆಮಿಫೈನಲ್. 252 ರನ್ನುಗಳ ಗುರಿ. ಒಂದು ವಿಕೆಟ್‌ಗೆ 98ರಲ್ಲಿದ್ದ ಭಾರತ, ಸಚಿನ್ 65ಕ್ಕೆ ಸ್ಟಂಪ್ ಔಟ್ ಆದದ್ದೇ ತಡ, 8 ವಿಕೆಟ್‌ಗೆ 120ಕ್ಕೆ ಕುಸಿಯಿತು. ಪ್ರೇಕ್ಷಕರು ಮೈದಾನಕ್ಕೆ ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಿದರು. ವಿನೋದ್ ಕಾಂಬ್ಳಿ ಅಳುತ್ತಾ ಮೈದಾನ ಬಿಟ್ಟರು. ಹೊಳಲಿನಲ್ಲಿ ಬಾಟಲಿ ಎಸೆಯಲು ಮೈದಾನವಿರಲಿಲ್ಲ, ಯಾರೋ ಟಿ.ವಿ.ಯ ತಲೆಗೆ ಕುಟ್ಟಿದರಷ್ಟೆ. ಅಂದು ಯಾರೂ ಬಾಗಿಲತ್ತ ನೋಡಲಿಲ್ಲವೆಂಬುದೂ ನೆನಪಿದೆ.

ಗೆದ್ದವರನ್ನು ಹೇಗೆ ಬೀಳ್ಕೊಡಬೇಕೆಂಬುದನ್ನು ಮುಂದೊಮ್ಮೆ ಮದ್ರಾಸಿನವರು ತೋರಿಸಿಕೊಟ್ಟರು. 1999ರ ಜನವರಿ 31ರಂದು ಚೆಪಾಕ್ ಟೆಸ್ಟ್‌ನಲ್ಲಿ ಸಚಿನ್‌ರ 136ರ ನಂತರವೂ ಭಾರತ ಪಾಕಿಸ್ತಾನಕ್ಕೆ 12 ರನ್‌ಗಳಿಂದ ಸೋತಾಗ, ಮೈದಾನ ಸುತ್ತಿದ ಪಾಕಿಸ್ತಾನಿ ಆಟಗಾರರಿಗೆ ಜನ ಎದ್ದುನಿಂತು ಕೈತಟ್ಟಿದರು.

1996ರ ಫೈನಲ್ ಮಾರ್ಚ್ 17ರಂದು ಲಾಹೋರಿನಲ್ಲಿ ನಡೆಯಿತು. ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಬೆಳಿಗ್ಗೆ ಮಂಡ್ಯದಲ್ಲಿ ಬಲಿಪೂಜೆ ಮುಗಿಸಿ ಬರುವಷ್ಟರಲ್ಲಿ ಪಡಸಾಲೆ ತುಂಬತೊಡಗಿತ್ತು. ನಮ್ಮನ್ನು ಸೋಲಿಸಿದವರೇ ಗೆಲ್ಲಲಿ ಎಂದು ಬೀದಿಯೆಲ್ಲ ಶ್ರೀಲಂಕಾದ ಪಕ್ಷ. ಸಾಬರು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತು, ತಮ್ಮದು ಆಸ್ಟ್ರೇಲಿಯಾ ಎಂದು ಘೋಷಿಸಿದರು. ಶೇನ್ ವಾರ್ನ್ ಹೇಗೆ ಚೆಂಡು ತಿರುಗಿಸುತ್ತಾರೆಂದು ಬೋರಲು ಹಾಕಿದ ಲೋಟದ ಮೇಲೆ ನಿಂಬೆಹಣ್ಣಿಟ್ಟು ಪಾಠ ಹೇಳಿದರು, ಎಂಟು ಮಂದಿಯೊಡನೆ ಒಬ್ಬರೇ ವಾದಕ್ಕಿಳಿದರು, ಡಿಸಿಲ್ವಾ ಹೊಡೆದ ಪ್ರತಿ ಬೌಂಡರಿಗೂ ಹಣೆ ಚಚ್ಚಿಕೊಂಡರು. ಯಾರೊಬ್ಬರೂ ಅವರ ಮುಖವನ್ನು ಪರೀಕ್ಷಿಸಲಿಲ್ಲ. ಅರವಿಂದ ಡಿಸಿಲ್ವಾ ಮೂರು ವಿಕೆಟ್ ಪಡೆದು ಅಜೇಯ 107 ರನ್ ಗಳಿಸಿ, ಏಳು ವಿಕೆಟ್‌ಗಳಿಂದ ಕಪ್ಪನ್ನು ಶ್ರೀಲಂಕಾಕ್ಕೆ ಗೆದ್ದುಕೊಟ್ಟರು. ಸೋತ ಪಕ್ಷದವರು ಎಲ್ಲರಿಗೂ ಕಾಫಿ ಕುಡಿಸಬೇಕೆಂಬ ಮಾತಾಗಿತ್ತು. ಸಾಬರು ಗೊಣಗುತ್ತಲೇ ಹೋಟೆಲಿನಿಂದ ತೂಕುಪಾತ್ರೆಯ ತುಂಬ ತರಿಸಿದರು. ತಪಸ್ಸುಕಾಲಕ್ಕೆಂದು ಕಾಫಿ ಬಿಟ್ಟಿದ್ದ ಅಜ್ಜಿ, ಭಾನುವಾರವಲ್ಲವೇ ಎಂದು ತಾವೂ ಅರ್ಧ ಲೋಟ ಬಗ್ಗಿಸಿಕೊಂಡರು.