ರಾಜ್ಯಪಾಲರ ಹೆಸರಿನಲ್ಲಿ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಾನಹೊಸಹಳ್ಳಿಯು ಕೂಡ್ಲಿಗಿ ತಾಲ್ಲೂಕಿನ ಊರು. ತಾನಿದ್ದ ನೆಲದಿಂದ ಗೇಣುದ್ದವೂ ಕದಲದೆ ಎಪ್ಪತ್ತು ವರ್ಷಗಳೊಳಗೆ ಅದು ಎರಡು ಸಲ ಮನೆ ಬದಲಾಯಿಸಿದೆ. ೧೯೫೩ರ ಅಕ್ಟೋಬರ್ ೧ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೊದಲಾದ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ೨೦೨೧ರ ಫೆಬ್ರವರಿ ೮ರಂದು ಇದೇ ಸೀಮೆ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾಯಿತು.

ಮೊದಲನೆಯದಕ್ಕೆ ಸಂಸತ್ತು ಆಂಧ್ರ ರಾಜ್ಯ ಅಧಿನಿಯಮವನ್ನು ಚರ್ಚಿಸಿ ಅಂಗೀಕರಿಸಬೇಕಾಯಿತು. ಎರಡನೆಯದಕ್ಕೆ ಅಂಥ ಮಸೂದೆ ಬೇಕಾಗಲಿಲ್ಲ. ೧೯೬೪ರ ಭೂಕಂದಾಯ ಅಧಿನಿಯಮವು ಆ ಅಧಿಕಾರವನ್ನು ಸರ್ಕಾರಕ್ಕೇ ಒಪ್ಪಿಸಿರುವುದರಿಂದ ರಾಜ್ಯಪತ್ರದಲ್ಲಿ ಅಧಿಸೂಚನೆಯೊಂದು ಸಾಕಾಯಿತು. ಇದರಲ್ಲಿ ಅಕ್ರಮವೇನೂ ಇಲ್ಲ. ಶಾಸಕರು ಪ್ರತಿಯೊಂದು ವಿವರವನ್ನೂ ಕುಳಿತು ಬರೆಯಲಾರರು. ಅರ್ಜಿಯ ನಮೂನೆ, ಶುಲ್ಕ, ಪರವಾನಗಿಯ ಷರತ್ತು ಇವೆಲ್ಲ ನಿಯಮಗಳಾಗಿ ಸಚಿವಾಲಯದಲ್ಲಿ ಹುಟ್ಟುತ್ತವೆ. ಮಾತೃ ಶಾಸನವೆಂದು ನಾವು ಗೌರವದಿಂದ ಕರೆಯುವುದು ಅಧಿನಿಯಮವನ್ನು. ದಿನನಿತ್ಯ ನಮ್ಮ ಸೆರಗು ಹಿಡಿದೆಳೆಯುವವರು ಮಾತ್ರ ಅದರ ಮಕ್ಕಳು!

ಇಂಥ ಕಾಗದಗಳ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲೂ ಅದರ ಕೆಳಗೆ ಅಧಿಕಾರಿಯೊಬ್ಬರ ರುಜುವೂ ಇರುತ್ತವೆ. ರಾಜ್ಯಪಾಲರು ಆ ಹಾಳೆಯನ್ನು ಕಂಡೇ ಇರಲಿಕ್ಕಿಲ್ಲ. ಆದರೂ ಸಂವಿಧಾನದ ೧೬೬ನೆಯ ಅನುಚ್ಛೇದದಂತೆ, ಕ್ರಮವಾಗಿ ದೃಢೀಕರಿಸಿದ ಆದೇಶವನ್ನು ‘ಇದು ರಾಜ್ಯಪಾಲರು ಮಾಡಿದ್ದಲ್ಲ’ ಎಂದು ಯಾರೂ ಪ್ರಶ್ನಿಸುವಂತಿಲ್ಲ. ರುಜುವು ಸರ್ಕಾರಕ್ಕೊಂದು ಗುರಾಣಿ.

ಆ ಸಾಲು ಇಲ್ಲದಿದ್ದರೇನು? ಈ ಪ್ರಶ್ನೆ ನಮ್ಮ ನಾಡಿನಿಂದಲೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ೧೯೬೩ರಲ್ಲಿ ಮೈಸೂರು ಸರ್ಕಾರವು ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದಲ್ಲಿ ಸಂದರ್ಶನಕ್ಕೂ ಅಂಕಗಳನ್ನು ಗೊತ್ತುಪಡಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ ೨೫ರಷ್ಟು. ಎಷ್ಟೋ ಮಕ್ಕಳ ಭವಿಷ್ಯವನ್ನು ನಿರ್ಧರಿಸಿದ ಈ ಸಂಗತಿಯನ್ನು ತಿಳಿಸಿದ್ದು ಇಲಾಖೆಯ ಒಂದು ಪತ್ರ. ರಾಜ್ಯಪಾಲರ ಹೆಸರಿನಲ್ಲಿ ಹೊರಟ ಆದೇಶವಲ್ಲ. ಚಿತ್ರಲೇಖಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಾಲಯವು ೧೯೬೪ರಲ್ಲಿ, ರೂಪದಲ್ಲಿ ಕೊರತೆಯಿದ್ದ ಮಾತ್ರಕ್ಕೆ ಆದೇಶವು ಬಿದ್ದುಹೋಗುವುದಿಲ್ಲ, ಸರ್ಕಾರವು ನಿಜವಾಗಿ ಹಾಗೆ ತೀರ್ಮಾನಿಸಿತ್ತೆಂಬುದನ್ನು ಬೇರೆ ಸಾಕ್ಷ್ಯದಿಂದ ತೋರಿಸಬಹುದು ಎಂದಿತು. ನ್ಯಾಯಶಾಸ್ತ್ರಕ್ಕೆ ಇದು ಒಪ್ಪುವ ಮಾತೇ. ಆದರೆ ತಾಲ್ಲೂಕು ಕಚೇರಿಯ ಕಿಟಕಿಯ ಹೊರಗೆ ನಿಂತವನಿಗೆ ಆ ಬೇರೆ ಸಾಕ್ಷ್ಯ ಎಲ್ಲಿ ದೊರಕಬೇಕು?

ಪ್ರಕಟಣೆಯ ವಿಷಯದಲ್ಲಿ ಅದೇ ನ್ಯಾಯಾಲಯವು ಹೆಚ್ಚು ಕಠಿಣವಾಗಿತ್ತು. ಜಯಪುರ ಸಂಸ್ಥಾನದ ಮಂತ್ರಿಮಂಡಲವು ೧೯೨೩ರಲ್ಲಿ ಅಫೀಮು ಕಾನೂನೊಂದನ್ನು ಮಾಡಿ, ಅದನ್ನು ಎಲ್ಲಿಯೂ ಪ್ರಕಟಿಸದೆ ಇಟ್ಟುಕೊಂಡಿತ್ತು. ಆ ಕಾನೂನಿನ ಮೇಲೆ ಒಬ್ಬನಿಗೆ ೫೦ ರೂಪಾಯಿ ದಂಡ ಬಿತ್ತು. ಜನರಿಗೆ ತಿಳಿಸದ ಕಾನೂನು ಕಾನೂನೇ ಅಲ್ಲವೆಂದು ೧೯೫೧ರಲ್ಲಿ ಆ ಶಿಕ್ಷೆ ರದ್ದಾಯಿತು.

ನ್ಯಾಯಾಲಯಕ್ಕೆ ಹೋಗುವ ಮೊದಲೇ ನೋಡಬೇಕಾದವರು ಜನಪ್ರತಿನಿಧಿಗಳು. ಬಳ್ಳಾರಿಯ ತಾಲ್ಲೂಕುಗಳು ಮೈಸೂರಿಗೆ ಬಂದ ೧೯೫೩ರಲ್ಲಿಯೇ, ಡಿಸೆಂಬರಿನಲ್ಲಿ, ಲೋಕಸಭೆಯ ಅಧೀನ ಶಾಸನ ಸಮಿತಿಯು ರಚಿತವಾಯಿತು. ಅದರಲ್ಲಿ ೧೫ ಮಂದಿ ಸದಸ್ಯರು, ಮಂತ್ರಿಗಳಿಗೆ ಪ್ರವೇಶವಿಲ್ಲ. ನಿಯಮವು ಮಾತೃ ಶಾಸನದ ಎಲ್ಲೆ ಮೀರಿದೆಯೆ, ಒಳಗೊಳಗೇ ತೆರಿಗೆ ಹೇರುತ್ತದೆಯೆ, ಹಿಂದಿನ ದಿನಾಂಕದಿಂದ ಜಾರಿಗೆ ಬರುತ್ತದೆಯೆ, ನ್ಯಾಯಾಲಯದ ಬಾಗಿಲು ಮುಚ್ಚುತ್ತದೆಯೆ, ಪ್ರಕಟಣೆ ತಡವಾಯಿತೆ ಎಂದು ಅವರು ಪರೀಕ್ಷಿಸಬೇಕು. ನಮ್ಮ ವಿಧಾನಮಂಡಲದಲ್ಲಿಯೂ ಅಧೀನ ಶಾಸನ ರಚನಾ ಸಮಿತಿಯಿದೆ. ಅದರ ವರದಿಗಳನ್ನು ಕುರಿತು ಯಾವ ಚುನಾವಣಾ ಭಾಷಣದಲ್ಲಿಯೂ ಒಂದು ಮಾತು ಕೇಳಿಬರುವುದಿಲ್ಲವೆಂಬುದು ಬೇರೆ ವಿಷಯ.

ಕನ್ನಡ ಕಲಿಸುವವನಾದ ನನ್ನ ಕಣ್ಣು ಮೊದಲು ಹೋಗುವುದು ಕ್ರಿಯಾಪದಕ್ಕೆ. ‘ಅರ್ಜಿದಾರನನ್ನು ವಿಚಾರಿಸತಕ್ಕದ್ದು’ ಎಂದರೆ ಅಧಿಕಾರಿಯ ಕರ್ತವ್ಯ. ‘ವಿಚಾರಿಸಬಹುದು’ ಎಂದರೆ ಅವನ ಇಚ್ಛೆ. ಒಂದು ಪ್ರತ್ಯಯದಲ್ಲಿ ಒಬ್ಬನ ಹಕ್ಕು ಕರಗಿಹೋಗುತ್ತದೆ.

ಸದನದ ಮುಂದಿಟ್ಟ ನಿಯಮವನ್ನು ತಿದ್ದಲು ಅಥವಾ ರದ್ದುಪಡಿಸಲು ಸಾಮಾನ್ಯವಾಗಿ ಅಧಿವೇಶನದ ಒಟ್ಟು ೩೦ ದಿನಗಳ ಅವಕಾಶವುಂಟು. ಅಧಿವೇಶನ ಮೊಟಕಾದರೆ ಉಳಿದ ದಿನಗಳನ್ನು ಮುಂದಿನದರಲ್ಲಿ ಎಣಿಸುತ್ತಾರೆ. ಅಷ್ಟರಲ್ಲಿ ನಿಯಮವು ಜಾರಿಯಲ್ಲಿಯೇ ಇರುತ್ತದೆ. ಸದನವು ಅದನ್ನು ತೆಗೆದುಹಾಕಿದರೂ ಅದುವರೆಗೆ ನಡೆದ ಕಾರ್ಯಗಳಿಗೆ ಬಾಧೆಯಿಲ್ಲವೆಂದು ಶಾಸನವೇ ಹೇಳುತ್ತದೆ. ಹೀಗಾಗಿ, ಅಂಥ ನಿಯಮದಂತೆ ಕಾನಹೊಸಹಳ್ಳಿಯ ರೈತನು ಕೂಡ್ಲಿಗಿಗೆ ಹೋಗಿ ಕಟ್ಟಿಬಂದ ಶುಲ್ಕವು, ನಿಯಮ ರದ್ದಾದ ಮಾತ್ರಕ್ಕೆ ಅವನ ಕೈಗೆ ಮರಳಿ ಬರುವುದಿಲ್ಲ.