ರಕ್ತದ ಸಕ್ಕರೆಗೂ ಒಂದು ಕಿರ್ದಿ

ಈ ಪತ್ರಿಕೆಯಲ್ಲಿ ತೆರಿಗೆ ಹಾಗೂ ಲೆಕ್ಕಪತ್ರಗಳ ಬಗ್ಗೆ ಬರೆಯುತ್ತ ಬಂದಿರುವ ನಾನು ಈ ಸಲ ವಿಷಯ ಬದಲಿಸಿದ್ದೇನೆ. ಅದಕ್ಕೆ ಕಾರಣವಿದೆ. ನಾನು ವೈದ್ಯನಲ್ಲ, ಆದರೆ ಒಂಬತ್ತು ವರ್ಷಗಳಿಂದ ಮಧುಮೇಹಿ. ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳ ಕೊನೆಯ ವಾರ, ಲೆಕ್ಕಪರಿಶೋಧನಾ ವರದಿಗಳ ಒತ್ತಡದಲ್ಲಿ ಬೆಳಗಿನ ಮಾತ್ರೆ ನುಂಗಿ ಮಧ್ಯಾಹ್ನದ ಊಟವನ್ನು ಮರೆತೆ. ನಾಲ್ಕು ಗಂಟೆಯ ವೇಳೆಗೆ ಮೈ ಬೆವರಿತು, ಕೈ ನಡುಗಿತು, ಒಂದೇ ಅಂಕಣವನ್ನು ಮೂರು ಸಲ ಕೂಡಿದರೂ ಮೂರು ಮೊತ್ತಗಳು ಬಂದವು. ಕಾರಣವಿಲ್ಲದೆ ನಮ್ಮ ಕಚೇರಿಯ ಕಿರಿಯ ತರಬೇತುದಾರನ ಮೇಲೆ ರೇಗಾಡಿದೆ. ಆ ಹುಡುಗನ ತಂದೆಗೂ ಸಕ್ಕರೆ ಕಾಯಿಲೆ ಇತ್ತು. ಅವನು ಮರುಮಾತಾಡದೆ ನನ್ನ ಚೀಲದಿಂದ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದ. 52 ಎಂದು ತೋರಿಸಿತು. ಚಹಾಕ್ಕೆ ಇಟ್ಟಿದ್ದ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದ. ಆ ದಿನ ನಾನು ಸ್ಕೂಟರ್ ಮೇಲಿದ್ದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲವೋ ಏನೋ.

ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವು 2023ರಲ್ಲಿ ಅಂದಾಜಿಸಿತು. ಗಲ್ಲೆಯ ಮೇಲೆ ಹತ್ತು ಗಂಟೆ ಕುಳಿತುಕೊಳ್ಳುವ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ನಮ್ಮ ವರ್ತಕ ಬಂಧುಗಳಲ್ಲಿ ಇದು ಅಪರೂಪವಲ್ಲ. ಆದರೂ ತಮ್ಮ ಅಂಗಡಿಯ ಶಿಲ್ಕನ್ನು ಪ್ರತಿ ರಾತ್ರಿ ತಾಳೆ ನೋಡುವವರು ರಕ್ತದ ಸಕ್ಕರೆಯನ್ನು ಆರು ತಿಂಗಳಿಗೊಮ್ಮೆ, ಅದೂ ಮನೆಯವರ ಒತ್ತಾಯಕ್ಕೆ ನೋಡಿಸುತ್ತಾರೆ.

ಹಾಗೆ ನೋಡಿಸುವಾಗಲೂ ಒಂದು ಚಾಳಿ ಇದೆ. ಪರೀಕ್ಷೆಗೆ ಎರಡು ದಿನ ಮುಂಚೆ ಸಿಹಿ ಬಿಟ್ಟು, ರಾತ್ರಿ ಅರೆಹೊಟ್ಟೆ ಉಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು, 118 ಬಂತೆಂದು ಸಂತೋಷಪಡುವುದು. ಮಾರ್ಚ್ 31ರಂದು ಮಾತ್ರ ಬ್ಯಾಂಕಿನ ಸಾಲವನ್ನು ಕಡಿಮೆ ತೋರಿಸಿ ಅಢಾವೆ ಪತ್ರಿಕೆಯನ್ನು ಚೆಂದಗಾಣಿಸುವ ಉಪಾಯಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಈ ಉಪಾಯ ನಡೆಯದ ಪರೀಕ್ಷೆಯೇ ಎಚ್‌ಬಿಎ1ಸಿ. ರಕ್ತದಲ್ಲಿನ ಸಕ್ಕರೆಯು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಅಂಟುವುದು ಹೆಚ್ಚು. ಆ ಕಣಗಳ ಆಯುಷ್ಯ ಸುಮಾರು 120 ದಿನಗಳಾದ್ದರಿಂದ ಈ ಪರೀಕ್ಷೆಯು ಹಿಂದಿನ ಎರಡು–ಮೂರು ತಿಂಗಳ ಸರಾಸರಿಯನ್ನು ಹೊರಗೆಡಹುತ್ತದೆ. ಫಲಿತಾಂಶ ಶೇ. 7 ಇದ್ದರೆ ಸರಾಸರಿ ಸಕ್ಕರೆ ಸುಮಾರು 154 ಮಿಲಿಗ್ರಾಂ, ಶೇ. 8 ಇದ್ದರೆ 183, ಶೇ. 9 ಇದ್ದರೆ 212 ಎಂದು ತಿಳಿಯಬಹುದು. (ಈ ಲೇಖನದ ಮಿಲಿಗ್ರಾಂ ಅಂಕಿಗಳೆಲ್ಲವೂ 100 ಮಿಲಿಲೀಟರ್ ರಕ್ತಕ್ಕೆ ಸಂಬಂಧಿಸಿದವು.) ಗರ್ಭಿಣಿಯರನ್ನು ಬಿಟ್ಟು ಹೆಚ್ಚಿನ ವಯಸ್ಕರಿಗೆ ಶೇ. 7ಕ್ಕಿಂತ ಕೆಳಗಿನ ಗುರಿಯನ್ನು ವೈದ್ಯರು ಇಡುತ್ತಾರೆ. ಇಳಿವಯಸ್ಸಿನವರಿಗೆ, ಬೇರೆ ಕಾಯಿಲೆಗಳಿರುವವರಿಗೆ ಸಡಿಲಿಸುವುದುಂಟು.

ಹಾಗೆಂದು ಸರಾಸರಿಯೊಂದನ್ನೇ ನಂಬುವಂತಿಲ್ಲ. ಒಂದು ತಿಂಗಳು ನಷ್ಟ, ಮರುತಿಂಗಳು ಲಾಭವಾದ ಅಂಗಡಿಯ ಸರಾಸರಿ ಚೆನ್ನಾಗಿಯೇ ಕಂಡೀತು. ಮಧ್ಯಾಹ್ನ 60ಕ್ಕೆ ಕುಸಿದು ರಾತ್ರಿ 250ಕ್ಕೆ ಏರುವವನ ಎಚ್‌ಬಿಎ1ಸಿ ಕೂಡ ಹಾಗೆಯೇ. ಇದಲ್ಲದೆ ರಕ್ತಹೀನತೆ ಇರುವವರಲ್ಲಿ, ಇತ್ತೀಚೆಗೆ ರಕ್ತ ಪಡೆದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಈ ಅಂಕಿಯೇ ದಾರಿ ತಪ್ಪಿಸಬಹುದು. ಕಬ್ಬಿಣಾಂಶದ ಕೊರತೆಯಿಂದ ಅದು ಇರುವುದಕ್ಕಿಂತ ಹೆಚ್ಚಾಗಿಯೂ ತೋರೀತು. ಆದ್ದರಿಂದಲೇ ದೈನಂದಿನ ಕಿರ್ದಿ ಬೇಕು, ಅಂದರೆ ಮನೆಯ ಗ್ಲುಕೋಮೀಟರ್ ಬೇಕು.

ಈ ಯಂತ್ರದ ಬಗ್ಗೆ ಎರಡು ವಿಧದ ತಪ್ಪು ತಿಳಿವಳಿಕೆಗಳಿವೆ. ಕೆಲವರು ಅದನ್ನು ಆಟಿಕೆಯೆಂದು ತಳ್ಳಿಹಾಕುತ್ತಾರೆ. ನನ್ನಂಥವರು ಪೈಸೆಗೆ ಪೈಸೆ ತಾಳೆಯಾಗಬೇಕೆಂದು ಒಂದೇ ಬೆರಳನ್ನು ಮೂರು ಸಲ ಚುಚ್ಚಿಕೊಳ್ಳುತ್ತಾರೆ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಕ್ಕರೆ 100 ಅಥವಾ ಹೆಚ್ಚಿದ್ದಾಗ ನೂರಕ್ಕೆ 95 ಅಳತೆಗಳು ಪ್ರಯೋಗಾಲಯದ ಅಂಕಿಯಿಂದ ಶೇ. 15ರೊಳಗೆ, ಅದಕ್ಕಿಂತ ಕಡಿಮೆಯಿದ್ದಾಗ 15 ಮಿಲಿಗ್ರಾಂನೊಳಗೆ ಇರಬೇಕು. ಅಂದರೆ ನಿಜವಾದ ಸಕ್ಕರೆ 200 ಇದ್ದಾಗ ಯಂತ್ರ 170 ತೋರಿಸಿದರೂ 230 ತೋರಿಸಿದರೂ ಅದು ಕೆಟ್ಟಿಲ್ಲ. ನೋಡಬೇಕಾದದ್ದು ಒಂದು ಅಂಕಿಯನ್ನಲ್ಲ, ಅಂಕಿಗಳ ಸಾಲನ್ನು.

ಯಂತ್ರಕ್ಕಿಂತ ಹೆಚ್ಚಾಗಿ ತಪ್ಪುವವರು ನಾವು. ನನ್ನ ಕಕ್ಷಿದಾರರಲ್ಲಿ ಒಬ್ಬರು ಬೆಲ್ಲದ ವ್ಯಾಪಾರಿಗಳು. ಮಂಡಿಯಲ್ಲಿ ಕುಳಿತು ಪರೀಕ್ಷಿಸಿದಾಗ 340, ಮನೆಯಲ್ಲಿ 160. ಯಂತ್ರ ಬದಲಾಯಿಸಿದರು, ಆಗಲೂ ಅಷ್ಟೆ. ಕೊನೆಗೆ ತಿಳಿದುಬಂದದ್ದೇನೆಂದರೆ, ಬೆಲ್ಲದ ಅಚ್ಚು ಮುರಿದು ನೋಡಿದ ಬೆರಳನ್ನೇ ಧೋತರಕ್ಕೆ ಒರೆಸಿ ಚುಚ್ಚಿಕೊಳ್ಳುತ್ತಿದ್ದರು! ಬಾಳೆಹಣ್ಣು ಸುಲಿದ ಕೈಯಿಂದಲೂ ಹೀಗಾಗುತ್ತದೆ. ಸಾಬೂನಿನಿಂದ ಕೈ ತೊಳೆದು, ಪೂರ್ತಿ ಒಣಗಿಸಿ, ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಬೇಕು. ನಡುಭಾಗಕ್ಕಿಂತ ಅಲ್ಲಿ ನೋವು ಕಡಿಮೆ. ಪರೀಕ್ಷಾ ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ಕೂಡಲೇ ಮುಚ್ಚಬೇಕು, ಏಕೆಂದರೆ ತೇವಾಂಶ ಅವುಗಳ ಶತ್ರು. ಅವಧಿ ಮೀರಿದ ಪಟ್ಟಿಯನ್ನು ರಿಯಾಯಿತಿಯಲ್ಲಿ ಸಿಕ್ಕಿತೆಂದು ಕೊಳ್ಳಬಾರದು.

ಯಾವಾಗ ನೋಡಬೇಕು? ಬರಿಹೊಟ್ಟೆಯ ಅಂಕಿ ಆರಂಭದ ಶಿಲ್ಕು ಇದ್ದಂತೆ. ಹೆಚ್ಚಿನವರಿಗೆ ಅದು 80ರಿಂದ 130ರೊಳಗೆ ಇರಬೇಕು. ಆದರೆ ಅದರಿಂದ ದಿನದ ವ್ಯವಹಾರ ತಿಳಿಯುವುದಿಲ್ಲ. ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಸಕ್ಕರೆ 180ರ ಒಳಗಿರಬೇಕು. ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಜೋಡಿ ಪರೀಕ್ಷೆ: ಊಟಕ್ಕೆ ಮುನ್ನ ಒಮ್ಮೆ, ಎರಡು ಗಂಟೆಯ ನಂತರ ಇನ್ನೊಮ್ಮೆ. ಸೋಮವಾರ ತಿಂಡಿಗೆ, ಬುಧವಾರ ಮಧ್ಯಾಹ್ನದ ಊಟಕ್ಕೆ, ಶನಿವಾರ ರಾತ್ರಿಯೂಟಕ್ಕೆ ಹೀಗೆ ಮಾಡಿದರೆ ವಾರಕ್ಕೆ ಆರೇ ಪಟ್ಟಿಗಳಲ್ಲಿ ಯಾವ ಊಟ ಎಷ್ಟು ಏರಿಸುತ್ತದೆಂಬುದು ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಮಿತವ್ಯಯ ಸಲ್ಲದು. ಅವರು ದಿನಕ್ಕೆ ಹಲವು ಸಲ ನೋಡಬೇಕಾದೀತು. ನನ್ನ ಪುಸ್ತಕದಲ್ಲಿ ದಿನಾಂಕ, ಸಮಯ, ಅಂಕಿಗಳ ಜೊತೆಗೆ ‘ವಿವರ’ ಎಂಬ ಅಂಕಣವಿದೆ. ತಿಂದದ್ದು, ನಡೆದದ್ದು, ನೆಗಡಿ ಜ್ವರ, ರಾತ್ರಿ ನಿದ್ದೆಗೆಟ್ಟದ್ದು ಎಲ್ಲವೂ ಅಲ್ಲಿ ದಾಖಲು. ವಿವರವಿಲ್ಲದ ನಮೂದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ವೈದ್ಯರಿಗೂ ಅದರಿಂದ ಪ್ರಯೋಜನವಿಲ್ಲ.

ಆ ಅಂಕಣವೇ ನನಗೆ ಪಾಠ ಹೇಳಿತು. ಹೋದ ಅಂಗಡಿಯಲ್ಲೆಲ್ಲ ಚಹಾ ಬೇಡವೆನ್ನಲಾಗದ ಸಂಕೋಚಕ್ಕೆ ಲೆಕ್ಕ ಹಾಕಿದೆ. ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ. ಆರು ಲೋಟಕ್ಕೆ 60 ಗ್ರಾಂ. ಬೆಲ್ಲದ ಚಹಾಕ್ಕೆ ಬದಲಾಯಿಸಿ ನೋಡಿದೆ, ಅಂಕಿ ಇಳಿಯಲಿಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ. ರಾಗಿ ಮುದ್ದೆಯೆಂದು ಎರಡು ನುಂಗಿದರೆ ಅದೂ ಪಿಷ್ಟವೇ. ಊಟದ ನಂತರ ಹದಿನೈದು ನಿಮಿಷ ನಡೆದ ದಿನಗಳಲ್ಲಿ ಮಾತ್ರ ಎರಡನೆಯ ಅಂಕಿ ಸ್ಪಷ್ಟವಾಗಿ ಕೆಳಗಿತ್ತು.

ಇನ್ನು ಸಕ್ಕರೆ ಇಳಿಯುವ ಅಪಾಯ. ಹೆಚ್ಚಿದ ಸಕ್ಕರೆ ವರ್ಷಗಟ್ಟಲೆ ಬಡ್ಡಿ ಬೆಳೆಸುತ್ತದೆ. ಇಳಿದ ಸಕ್ಕರೆ ನಿಮಿಷಗಳಲ್ಲಿ ದಿವಾಳಿ ಎಬ್ಬಿಸುತ್ತದೆ. 70ಕ್ಕಿಂತ ಕಡಿಮೆಯಾದರೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಗಂಭೀರ. ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳನ್ನು ಬಳಸುವವರಿಗೆ ಈ ಭಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಬಹಳ ಕಡಿಮೆ. ಮೂರು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು; ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಏನಾದರೂ ಉಣ್ಣಬೇಕು. ಚಾಕೊಲೇಟ್ ಇದಕ್ಕೆ ತಕ್ಕದ್ದಲ್ಲ, ಅದರಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗ್ಲುಕೋಸ್ ಡಬ್ಬಿ ಇಡುವುದಷ್ಟೇ ಸಾಲದು. ಅದು ಏಕೆ ಇದೆಯೆಂದು ಅಂಗಡಿಯ ಹುಡುಗನಿಗೂ ತಿಳಿದಿರಬೇಕು. ಕಾಯಿಲೆಯನ್ನು ಗುಟ್ಟಾಗಿಟ್ಟರೆ ಸಾಲ ಕೊಡುವವರು ಹಿಂಜರಿಯುವುದಿಲ್ಲವೆಂಬ ಲೆಕ್ಕಾಚಾರ ಹಲವರದು. ನಾನು ಆ ಹುಡುಗನಿಗೆ ಮೊದಲೇ ಹೇಳಿದ್ದರಿಂದ ಬದುಕಿಕೊಂಡೆ.

ಈಚೆಗೆ ತೋಳಿಗೆ ಅಂಟಿಸುವ ಸಂವೇದಕಗಳು ಬಂದಿವೆ. ಚರ್ಮದಡಿಯ ದ್ರವದಲ್ಲಿನ ಸಕ್ಕರೆಯನ್ನು ನಿರಂತರವಾಗಿ ಅಳೆಯುವ ಇವು ಸುಮಾರು ಎರಡು ವಾರ ಬರುತ್ತವೆ. ದಿನದ ಶೇ. 70ಕ್ಕಿಂತ ಹೆಚ್ಚು ಸಮಯ 70ರಿಂದ 180ರೊಳಗೆ ಇರುವುದು ಸಾಮಾನ್ಯ ಗುರಿ. ಖರ್ಚು ಹೆಚ್ಚಾದರೂ ವರ್ಷಕ್ಕೊಂದೆರಡು ಸಲ ಹಾಕಿಸಿಕೊಂಡರೆ ರಾತ್ರಿಯ ಏರಿಳಿತ ತಿಳಿಯುತ್ತದೆ. ಕಣ್ಣಿನ ಅಕ್ಷಿಪಟಲದ ಪರೀಕ್ಷೆ, ಮೂತ್ರದ ಅಲ್ಬುಮಿನ್ ಪರೀಕ್ಷೆಗಳು ವರ್ಷಕ್ಕೊಮ್ಮೆ ಆಗಬೇಕು. ಪಾದಗಳನ್ನು ದಿನವೂ ನೋಡಿಕೊಳ್ಳಬೇಕು. ಭತ್ತದ ಒಣಗುಕಣದಲ್ಲಿ ಬರಿಗಾಲಲ್ಲಿ ಓಡಾಡಿ ಅಂಗಾಲು ಸುಟ್ಟುಕೊಂಡದ್ದೇ ತಿಳಿಯದ ಅಕ್ಕಿಗಿರಣಿ ಮಾಲೀಕರೊಬ್ಬರನ್ನು ನಾನು ಬಲ್ಲೆ.

ಕೊನೆಗೆ ನನ್ನ ವೃತ್ತಿಗೆ ಸೇರಿದ ಮಾತು. ಗ್ಲುಕೋಮೀಟರ್ ಹಾಗೂ ಪರೀಕ್ಷಾ ಪಟ್ಟಿಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಸಲಾಗಿದೆ. ಬಿಲ್ ಕೇಳಿ ಪಡೆಯಿರಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರು ಆರೋಗ್ಯ ವಿಮೆಯ ಮಿತಿಯೊಳಗೇ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿವರೆಗೆ ಕಡಿತ ಪಡೆಯಬಹುದು. ಇದನ್ನು ನಗದಾಗಿ ಪಾವತಿಸಿದ್ದರೂ ಅಡ್ಡಿಯಿಲ್ಲ. ಮಾಲೀಕರ ಪರೀಕ್ಷಾ ಪಟ್ಟಿಗಳನ್ನು ‘ಕಚೇರಿ ಖರ್ಚು’ ಎಂದು ಬರೆದು ತರುವ ಮಿತ್ರರಿಗೆ ಮಾತ್ರ ಒಂದು ವಿನಂತಿ: ಅದು ಸ್ವಂತ ಖರ್ಚು, ಮಾಲೀಕರ ಖಾತೆಗೇ ಹಾಕಿ.